ವಕೀಲರು ಅರ್ಧ ಓದಿದ ನಿಯಮ

ಅವರು ನಿಜವಾದ ವಕೀಲರಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವರ ಕೆಲಸ, ಇಪ್ಪತ್ತಾರು ವರ್ಷಗಳಿಂದ. ಚೀಟಿಯಲ್ಲಿ ಬರೆದ ಅಂಕಿಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಗಾಜು ತಯಾರಿಸಿ, ಫ್ರೇಮಿಗೆ ಕೂರಿಸಿ, ಬೆಳಕಿಗೆ ಹಿಡಿದು ನೋಡಿ, ಮನಸ್ಸಿಗೆ ಬಾರದಿದ್ದರೆ ಮತ್ತೆ ಬಿಚ್ಚುವ ಪೈಕಿ. ‘ವಕೀಲರು’ ಎಂಬ ಹೆಸರು ಅಂಟಿದ್ದು ಶನಿವಾರದ ಆಟದಿಂದ.

ಶನಿವಾರ ಅಂಗಡಿ ಅರ್ಧ ದಿನ. ಶಟರ್ ಇಳಿಸಿದ ಮೇಲೆ ಹಿಂದಿನ ಕೋಣೆಯ ಮೇಜಿನಿಂದ ಲೆನ್ಸಿನ ಡಬ್ಬಿಗಳನ್ನು ಸರಿಸಿ ನಾಲ್ವರು ಸುತ್ತ ಕೂರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಪಾತ್ರ ಹೊತ್ತು, ದಾಳ ಉರುಳಿಸುತ್ತ, ಬಾಯಿಮಾತಿನಲ್ಲೇ ಸಾಹಸದ ಕಥೆ ಕಟ್ಟುತ್ತ ಹೋಗುವ ಆಟ ಅದು. ಕಥೆ ನಡೆಸುವವರು ಸಿಟಿ ಬಸ್ಸಿನ ಡ್ರೈವರ್, ಎಲ್ಲರಿಗೂ ಡ್ರೈವರಣ್ಣ. ಆಡುವವರಲ್ಲಿ ಒಬ್ಬರು ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಇನ್ನೊಬ್ಬಳು ವಕೀಲರ ಸ್ವಂತ ಅಕ್ಕ, ಪರದೆ ಹೊಲಿಯುವವಳು. ಮಂತ್ರ ಹಾಕುವ ಪಾತ್ರ ಹಿಡಿದರೆ ಪುಸ್ತಕ ಓದಬೇಕಾದೀತೆಂದು ಅವಳು ಮೊದಲ ದಿನವೇ ಕೊಡಲಿ ಹಿಡಿದ ದೈತ್ಯೆಯನ್ನು ಆರಿಸಿಕೊಂಡಿದ್ದಳು.

ನಿಯಮದ ಪುಸ್ತಕ ಮುನ್ನೂರು ಪುಟ. ಅದನ್ನು ಓದುವ ತಾಳ್ಮೆ ಇದ್ದದ್ದು ವಕೀಲರೊಬ್ಬರಿಗೇ. ಏನೇ ಅನುಮಾನ ಬಂದರೂ ಮೂವರೂ ಅವರ ಮುಖ ನೋಡುತ್ತಿದ್ದರು. ಅವರು ಪುಟ ತಿರುವಿ ತೀರ್ಪು ಕೊಡುತ್ತಿದ್ದರು. ಆ ಗಳಿಗೆಗಾಗಿಯೇ ಅವರು ವಾರವೆಲ್ಲ ಕಾಯುತ್ತಿದ್ದರೆಂದು ಅಕ್ಕನ ಅಂಬೋಣ.

ಟೀಚರ ಪಾತ್ರ ಮಂತ್ರ ಹಾಕಿ ಗಾಯ ಮಾಯಿಸುವ ಒಬ್ಬ ವೈದ್ಯೆ. ನಡುವೆ ಟೀಚರಿಗೆ ಹುಕಿ ಬಂದು ಅವಳಿಗೆ ಮಾಂತ್ರಿಕ ವಿದ್ಯೆಯನ್ನೂ ಕಲಿಸಿದರು. ಈ ಆಟದಲ್ಲಿ ಒಂದೇ ಪಾತ್ರ ಎರಡು ವಿದ್ಯೆ ಕಲಿಯಬಹುದು. ಆದರೆ ಮಂತ್ರ ಹಾಕಲು ದಿನಕ್ಕೆ ಇಷ್ಟೇ ಸಲ ಎಂಬ ಮಿತಿಯಿದೆ. ಆ ಒಂದೊಂದು ಸಲಕ್ಕೂ ಸ್ಲಾಟ್ ಎಂದು ಹೆಸರು. ಸ್ಲಾಟ್ ಖಾಲಿಯಾದರೆ ಮರುದಿನದವರೆಗೆ ಬಾಯಿ ಮುಚ್ಚಿಕೊಂಡಿರಬೇಕು.

ಒಂದು ಶನಿವಾರ ಕಥೆಯಲ್ಲಿ ಶತ್ರುಗಳು ಬೆನ್ನಟ್ಟಿ ಬಂದರು. ಅಕ್ಕನ ದೈತ್ಯೆ ಹಗ್ಗದ ಸೇತುವೆಯ ನಡುವೆ ಗಾಯಗೊಂಡು ಬಿದ್ದಳು. ಟೀಚರ ವೈದ್ಯೆಗೂ ಮೈತುಂಬ ಗಾಯ. ಅವಳ ವೈದ್ಯವಿದ್ಯೆಯ ಪಾಲಿನ ಸ್ಲಾಟ್‌ಗಳು ಮುಗಿದಿದ್ದವು; ಮಾಂತ್ರಿಕ ವಿದ್ಯೆಯ ಪಾಲಿನಲ್ಲಿ ಎರಡು ಉಳಿದಿದ್ದವು. ಅದರಲ್ಲಿ ಗಾಯ ಮಾಯಿಸುವ ಮಂತ್ರ ಹಾಕಬಹುದೇ ಎಂದು ಟೀಚರ್ ಕೇಳಿದರು. ವಕೀಲರು ಪುಸ್ತಕ ತೆರೆದರು. ಯಾವ ಯಾವ ಮಂತ್ರ ಗೊತ್ತು ಎಂಬುದನ್ನು ಆಯಾ ವಿದ್ಯೆಗೆ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು ಎಂದಿತ್ತು.

“ಬೇರೆಬೇರೆ ಅಂತಿದೆ ಟೀಚರ್. ಆ ಸ್ಲಾಟಲ್ಲಿ ಈ ಮಂತ್ರ ಹಾಕೋಕಾಗಲ್ಲ,” ಎಂದರು.

ಟೀಚರ್ ವಾದ ಮಾಡಲಿಲ್ಲ. ಅವರ ವೈದ್ಯೆ ದೈತ್ಯೆಯನ್ನು ಆಚೆ ದಡಕ್ಕೆ ಎಳೆದು ಹಾಕಿ, ತಾನು ಸೇತುವೆಯ ಬಾಯಿಗೆ ಅಡ್ಡ ನಿಂತಳು. ದಾಳ ಕೈಕೊಟ್ಟಿತು. ವೈದ್ಯೆ ಸತ್ತಳು. ಮುಂದಿನ ವಾರ ಟೀಚರ್ ಒಬ್ಬ ಕಳ್ಳಿಯ ಪಾತ್ರ ಮಾಡಿಕೊಂಡು ಬಂದರಾದರೂ ಮೊದಲಿನ ಲವಲವಿಕೆ ಇರಲಿಲ್ಲ.

ಎಂಟು ತಿಂಗಳ ಮೇಲೆ, ಬೇರೊಂದು ಗುಂಪಿನ ಆಟಗಾರ ಇದೇ ಪ್ರಶ್ನೆ ಕೇಳಿ ವಕೀಲರಿಗೆ ಮೆಸೇಜ್ ಕಳಿಸಿದ. ಪುಟದ ನಂಬರ್ ಸಮೇತ ಉತ್ತರಿಸೋಣವೆಂದು ಅವರು ಊಟದ ಬಿಡುವಿನಲ್ಲಿ ಪುಸ್ತಕ ತೆರೆದರು. ಆ ಪ್ಯಾರಾ ಮುಗಿದ ಮೇಲೆ ಒಂದು ಪಟ್ಟಿ. ಪುಟ ಮಗುಚಿದರೆ ಪಟ್ಟಿಯ ಕೆಳಗೆ ಇನ್ನೆರಡು ಸಾಲು. ಸ್ಲಾಟ್‌ಗಳನ್ನು ಮಾತ್ರ ಎರಡೂ ವಿದ್ಯೆ ಸೇರಿಸಿ ಒಟ್ಟಿಗೆ ಎಣಿಸಬೇಕು, ಯಾವ ವಿದ್ಯೆಯ ಮಂತ್ರಕ್ಕಾದರೂ ಬಳಸಬಹುದು ಎಂದಿತ್ತು. ಆ ಮಧ್ಯಾಹ್ನ ಅವರು ಯಾರದೋ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದರು.

ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಬಾಯಿಬಿಟ್ಟರು. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಹೇಳಿದಳು: “ಹೀಗೆ ಗರಬಡಿದವನ ಹಾಗೆ ಕೂತ್ರೆ ಆಗುತ್ತಾ? ಹೋಗಿ ಹೇಳು. ಅವಳು ಸತ್ತಿದ್ದು ನನ್ನನ್ನ ಉಳಿಸೋಕೆ, ನೆನಪಿರಲಿ.”

ಶನಿವಾರ ವಕೀಲರು ಎದ್ದು ನಿಂತು, ಪುಸ್ತಕ ತೆರೆದು ಟೀಚರ ಮುಂದಿಟ್ಟು, ತಪ್ಪಾಯಿತೆಂದು ಹೇಳಿದರು. ಟೀಚರ್ ಎರಡೂ ಸಾಲನ್ನು ಎರಡು ಸಲ ಓದಿದರು.

“ಎರಡು ಉಳಿದಿತ್ತಲ್ವಾ. ಅಕ್ಕನಿಗೊಂದು, ನನಗೊಂದು,” ಎಂದರು. ಬ್ಯಾಗ್ ಎತ್ತಿಕೊಂಡು ಹೊರಟೇಹೋದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಮೂವರೂ ದಾಳ ಮುಟ್ಟದೆ ಚಹಾ ಕುಡಿದು ಎದ್ದರು. ವಕೀಲರು ಟೀಚರಿಗೆ ಮಾಡಲೆಂದು ಫೋನ್ ತೆಗೆದು, ಮತ್ತೆ ಜೇಬಿಗಿಟ್ಟರು.

ಅದರ ಮುಂದಿನ ವಾರ ಟೀಚರ್ ತಾವಾಗಿಯೇ ಬಂದರು. ಡ್ರೈವರಣ್ಣ ವೈದ್ಯೆಯನ್ನು ಬದುಕಿಸಲು ಒಂದು ಗುಹೆ, ಒಂದು ಗಿಡಮೂಲಿಕೆ, ಒಬ್ಬ ಮುದುಕಿ ಎಲ್ಲವನ್ನೂ ಹೊಂದಿಸಿಕೊಂಡೇ ಕೂತಿದ್ದರು. ಟೀಚರ್ ಪೂರ್ತಿ ಕೇಳಿ ತಲೆಯಾಡಿಸಿದರು.

“ಬೇಡ ಅಣ್ಣ. ಅವಳು ಹೋದಾಗ ಅಕ್ಕ ಎಷ್ಟು ಅತ್ರು ಅಂತ ನೋಡಿದೀನಿ. ಅದನ್ನ ಸುಳ್ಳು ಮಾಡೋದು ಬೇಡ.”

“ಅತ್ತಿಲ್ಲಪ್ಪ. ಇವನ ಗಾಜಿನ ಪುಡಿ ಕಣ್ಣಿಗೆ ಬಿದ್ದಿತ್ತು,” ಎಂದಳು ಅಕ್ಕ.

ಟೀಚರ್ ವಕೀಲರ ಕಡೆ ತಿರುಗಿದರು. “ನಿಮಗೆ ಮಾತ್ರ ಶಿಕ್ಷೆ ಉಂಟು. ಒಂದು ತಿಂಗಳು ಕಥೆ ನೀವೇ ನಡೆಸಬೇಕು. ಪುಸ್ತಕ ಡ್ರೈವರಣ್ಣನ ಬ್ಯಾಗಲ್ಲಿರುತ್ತೆ.”

ಮೊದಲ ವಾರ ವಕೀಲರು ಒಂದು ಬಾಗಿಲನ್ನೇ ಹತ್ತು ನಿಮಿಷ ವರ್ಣಿಸಿದರು: ಅದರ ಅಗಲ, ದಪ್ಪ, ತಿರುಗಣಿ. ಅಗುಳಿಗೆ ಬರುವಷ್ಟರಲ್ಲಿ ಅಕ್ಕ ಅದನ್ನು ಕೊಡಲಿಯಿಂದ ಸೀಳಿದಳು. ಎರಡನೇ ವಾರ ಟೀಚರ ಕಳ್ಳಿ ನೀರಿನೊಳಗೆ ಉಸಿರು ಕಟ್ಟಿ ಎಷ್ಟು ಹೊತ್ತು ಇರಬಹುದೆಂಬ ಪ್ರಶ್ನೆ ಎದ್ದಿತು. ವಕೀಲರ ಕೈ ತಂತಾನೇ ಮೇಜಿನ ಮೇಲೆ ಪುಸ್ತಕ ತಡಕಾಡಿತು. ಸಿಗಲಿಲ್ಲ. ಕೊನೆಗೆ, “ನಿಮಗೆ ಎಷ್ಟು ಹೊತ್ತು ಬೇಕು ಟೀಚರ್?” ಎಂದು ಕೇಳಿದರು. ಆಚೆ ದಡ ಮುಟ್ಟುವಷ್ಟು ಸಾಕು ಎಂದರು ಟೀಚರ್. ಹಾಗೇ ಆಗಲಿ ಎಂದುಬಿಟ್ಟರು ವಕೀಲರು. ಕಳ್ಳಿ ದಡ ಸೇರಿದಳು. ಟೀಚರ್ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕರು.

ತಿಂಗಳು ಮುಗಿದರೂ ಯಾರೂ ಶಿಕ್ಷೆಯ ಮಾತೆತ್ತಲಿಲ್ಲ. ಇಷ್ಟು ವರ್ಷ ಬರೀ ಕಥೆ ನಡೆಸಿದ್ದ ಡ್ರೈವರಣ್ಣನಿಗೆ ಪಾತ್ರವಾಗಿ ಆಡುವ ರುಚಿ ಹತ್ತಿತ್ತು. ಅವರು ಊರೂರು ಅಲೆಯುವ ಒಬ್ಬ ಗಾಯಕನನ್ನು ಹಿಡಿದು, ಶತ್ರು ಬಂದಾಗಲೂ ಹೋದಾಗಲೂ ನಿಜವಾಗಿಯೇ ಹಾಡತೊಡಗಿದರು. ಅವರ ಕಂಠ ಹಾರ್ನಿಗೆ ಹೊಂದುವಂಥದು. ಎರಡು ಚರಣಕ್ಕಿಂತ ಹೆಚ್ಚು ಹಾಡಕೂಡದೆಂದು ವಕೀಲರು ತೀರ್ಪು ಕೊಟ್ಟಿದ್ದಾರೆ. ಯಾವ ಪುಟದಲ್ಲಿದೆ ಎಂದು ಡ್ರೈವರಣ್ಣ ಇನ್ನೂ ಕೇಳುತ್ತಲೇ ಇದ್ದಾರೆ.