ಗ್ರೀಸ್ ಹಚ್ಚುವ ಮೊದಲು

ಕಾಕಾ ಅವರ ಎಡಗೈ ಕಿರುಬೆರಳಿನ ಉಗುರು ಮಾತ್ರ ಉದ್ದ. ಅದರ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು ಗೆರೆ. ಆ ಉಗುರನ್ನು ಕೀಲಿನ ಸಂದಿಗೆ ಒತ್ತಿ, ಕಣ್ಣು ಮುಚ್ಚಿ, ಬಲಗೈಯಿಂದ ವಿಮಾನದ ಬಾಲದ ಪಟ್ಟಿಯನ್ನು ಮೆಲ್ಲಗೆ ಅಲುಗಿಸುತ್ತಿದ್ದರು.

ವಡಗಾವಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತ ಬೆಳೆದು, ಆಮೇಲೆ ವಿಮಾನದ ಮೆಕ್ಯಾನಿಕ್ ಆದವರು. ಎಲ್ಲರಿಗೂ ಮಿಸ್ತ್ರಿ ಕಾಕಾ. ಹೋದ ವರ್ಷ, ನಾನು ಕೆಲಸ ಕಲಿತ ಶೆಡ್ಡಿನಲ್ಲೇ ದುಡಿಯುತ್ತಿರುವಾಗ, ತೀರಿಕೊಂಡರು.

ಇಂಜಿನಿಯರಿಂಗ್ ಮುಗಿಸಿ ನಾನು ಅವರ ಕೈಕೆಳಗೆ ಕಲಿಯಲು ಸೇರಿದಾಗ ಶೆಡ್ಡಿನಲ್ಲಿದ್ದದ್ದು ಒಂದೇ ಸಣ್ಣ ವಿಮಾನ. ಶಹಾಪುರದ ಸೀರೆ ವ್ಯಾಪಾರಿ ಸಾವ್ಕಾರರೊಬ್ಬರದು, ಅವರೇ ಹಾರಿಸುತ್ತಿದ್ದರು. ಅದರ ಬಾಲದ ಹಿಂದಿನ ಅಂಚಿನಲ್ಲಿ ಅಲುಗಾಡುವ ಒಂದು ಸಣ್ಣ ಪಟ್ಟಿ ಇತ್ತು. ಅದರ ಕೀಲು ಸ್ವಲ್ಪ ಸಡಿಲವಾದರೂ, ವೇಗ ಹೆಚ್ಚಿದಾಗ ಪಟ್ಟಿ ಗಾಳಿಗೆ ಬಡಿದುಕೊಳ್ಳತೊಡಗುತ್ತದೆ.

“ಮೊದಲ ಒಣಾ ಕೀಲು ನೋಡು, ಆಮ್ಯಾಲ ಗ್ರೀಸು,” ಎನ್ನುತ್ತಿದ್ದರು ಕಾಕಾ. “ಗ್ರೀಸ್ ಹಚ್ಚಿದ್ರ ಸಡ್ಲ ಇದ್ದದ್ದೂ ಬಿಗಿ ಅನಸ್ತದ. ಮಗ್ಗದಾಗಾದ್ರ ದಾರ ಹರೀತದ. ಇಲ್ಲಿ ಬಾಲಾನ ಹರೀತದ.”

ಒಂದು ದಿನ ನಾನು ಮೊದಲೇ ಗ್ರೀಸ್ ಹಚ್ಚಿಬಿಟ್ಟೆ. ಒರೆಸಿ ಮತ್ತೆ ನೋಡಲು ಬೇಸರ. ಅಲುಗಿಸಿದೆ, ಬಿಗಿಯಾಗಿತ್ತು.

“ಒಣಾ ನೋಡಿದ್ಯೇನವಾ?” ಇಂಜಿನ್ ಕಡೆಯಿಂದ ಕೇಳಿದರು.

“ಹೂಂ, ಕಾಕಾ.”

ಕಾಕಾ ತಪಾಸಣೆಯ ಪುಸ್ತಕದಲ್ಲಿ ಸಹಿ ಹಾಕಿದರು.

ಆ ಮಧ್ಯಾಹ್ನ ಮೂವರೂ ಹಾರಿದೆವು. ಮುಂದೆ ಸಾವ್ಕಾರರು ಮತ್ತು ಕಾಕಾ, ಹಿಂದೆ ನಾನು. ಖಾನಾಪುರ ದಾಟಿ ಕಾಡಿನ ಮೇಲೆ ಕೆಳಗಿಳಿಯುತ್ತ ವೇಗ ಏರಿದಾಗ, ಮೊದಲು ನನ್ನ ಪಾದಗಳಿಗೆ ನಡುಕ ತಿಳಿಯಿತು. ಮರುಕ್ಷಣ ಸಾವ್ಕಾರರ ಕೈಯಲ್ಲಿದ್ದ ಹಿಡಿ ಹಿಂದೆ ಮುಂದೆ ಬಡಿಯತೊಡಗಿತು. ಎದುರಿನ ಮೀಟರುಗಳ ಮುಳ್ಳುಗಳು ಕಣ್ಣಿಗೆ ನಿಲ್ಲಲಿಲ್ಲ.

“ಲಗೂನ ಊರಿಗೆ ಹೊಡೀತೇನಿ, ಕಾಕಾ!” ಸಾವ್ಕಾರರು ಇಂಜಿನ್ನಿನ ವೇಗ ಏರಿಸಹೋದರು.

ಕಾಕಾ ಸಾವ್ಕಾರರ ಕೈಮೇಲೆ ಕೈಯಿಟ್ಟು ಹಿಂದಕ್ಕೆಳೆದರು. “ವೇಗ ಬ್ಯಾಡ್ರಿ, ಸಾವ್ಕಾರ್ರ. ಮೂಗು ಸಾವಕಾಶ ಮ್ಯಾಲ ಎತ್ರಿ. ಜಗ್ಗಬ್ಯಾಡ್ರಿ.”

“ಕಾಡಿನ್ಯಾಗ ಬಿದ್ದಗಿದ್ದೇವು!”

“ಬಾಲ ಉಳೀಲಿ ಮೊದಲ.”

ನಡುಕ ಸಣ್ಣದಾಯಿತು, ನಿಂತಿತು. ಕೆಳಗಿನ ರೈಲು ಹಳಿಯನ್ನೇ ಹಿಡಿದು ನಿಧಾನವಾಗಿ ಬಂದೆವು. “ಹಿಂಗ ಹೋದ್ರ ದೇಸೂರ ಸ್ಟೇಶನ್ದಾಗ ಚಾ ಕುಡದು ಹೋಗಬಹುದು ನೋಡ್ರಿ,” ಎಂದರು ಕಾಕಾ.

ಇಳಿದ ಕೂಡಲೇ ಅವರು ಬಾಲದ ಬಳಿ ಹೋಗಿ, ಬಟ್ಟೆಯಿಂದ ಗ್ರೀಸ್ ಒರೆಸಿ, ಉಗುರು ಒತ್ತಿ ಕಣ್ಣು ಮುಚ್ಚಿದರು. ಪಟ್ಟಿ ಸಡಿಲವಾಗಿ ಅಲುಗಿತು. ಕಣ್ಣು ತೆರೆದಾಗ ನನ್ನನ್ನೇ ನೋಡಿದರು.

“ಯಾರ ನೋಡಿದ್ರು ಇದನ್ನ?” ಸಾವ್ಕಾರರು ಕೇಳಿದರು.

“ನಾನ್ರೀ. ನನ್ನ ಸಹಿನ ಐತಲ್ಲ.”

“ನಿಮಗ ವಯಸ್ಸಾತು, ಕಾಕಾ. ನಾಳಿಂದ ಬರಬ್ಯಾಡ್ರಿ.”

ಕಾಕಾ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಬಗ್ಗಿ ಗ್ರೀಸಿನ ಡಬ್ಬಿಯ ಮುಚ್ಚಳ ಹಾಕಿದೆ. ಹೊರಡುವಾಗ ಅವರೇ ಹತ್ತಿರ ಬಂದು, “ಮನಿಗೆ ಹೋಗಿ ಉಣ್ಣವಾ. ಮುಂದಿನ ಸಲ ಒಣಾ ನೋಡು,” ಎಂದರು.

ಮರುದಿನ ಬೆಳಿಗ್ಗೆ ಶಹಾಪುರದ ಸೀರೆ ಅಂಗಡಿಯ ಶಟರ್ ಅರ್ಧ ಮಾತ್ರ ಏರಿತ್ತು. ಬಗ್ಗಿ ಒಳಗೆ ಹೋದೆ. ಊದಿನಕಡ್ಡಿ ಹಚ್ಚುತ್ತಿದ್ದ ಸಾವ್ಕಾರರು “ಕುಂದರ್ರಿ” ಎಂದರು. ನಿಂತುಕೊಂಡೇ ಹೇಳಿದೆ: “ಗ್ರೀಸ್ ಮೊದಲ ಹಚ್ಚಿದಾಕಿ ನಾನ್ರಿ. ಒಣಾ ನೋಡೇನಿ ಅಂತ ಕಾಕಾಗ ಸುಳ್ಳ ಹೇಳಿದೆ. ಬರಬ್ಯಾಡ ಅನ್ನೂದಿದ್ರ ನನಗ ಅನ್ರಿ.”