ನೀಮಾಳ ಭಾನುವಾರಗಳು

ನೀಮಾಳಿಗೆ ತಲುಪಿಸಬೇಕಿದ್ದ ಒಂದು ಆಹ್ವಾನವನ್ನು ನಾನು ಬಚ್ಚಿಟ್ಟೆ. ನನಗೆ ಯಾರೂ ಹೇಳಲೇ ಇಲ್ಲ ಎಂದು ಅವಳಿಗೆ ಹೇಳಿದೆ. ಹೇಳಿದ್ದರು, ಮರೆತುಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಸುಳ್ಳು. ಎರಡನೆಯದು ನನಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಹೋದ ತಿಂಗಳು ಹಳೆಯ ಡೈರಿ ತೆರೆಯುವವರೆಗೂ ಅದೇ ನನ್ನ ನೆನಪಾಗಿತ್ತು.

ನಾನಾಗ ಡಿಗ್ರಿಯ ಮೂರನೇ ವರ್ಷದಲ್ಲಿದ್ದೆ. ಹೊರದೇಶದಿಂದ ಬಂದು ಮೊದಲ ವರ್ಷಕ್ಕೆ ಸೇರುವವರಿಗೆ ಒಬ್ಬೊಬ್ಬ ಹಿರಿಯ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಡುವ ಪದ್ಧತಿ ನಮ್ಮ ಕಾಲೇಜಿನಲ್ಲಿತ್ತು. ಬ್ಯಾಂಕಿನ ಖಾತೆ, ವಿದೇಶಿಯರ ನೋಂದಣಿ, ಬಸ್ಸು, ಊಟ — ಎಲ್ಲಕ್ಕೂ ನಾವೇ ದಿಕ್ಕು. ನಮ್ಮನ್ನು ಇಂಗ್ಲಿಷಿನಲ್ಲಿ 'ಬಡ್ಡಿ', ಅಂದರೆ ಜೊತೆಗಾರ, ಎಂದು ಕರೆಯುತ್ತಿದ್ದರು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಪ್ಪ ಅದನ್ನು ಕೇಳಿ, "ನೀನು ಬಡ್ಡಿ ಆದ್ರೆ ಅಸಲು ಯಾರಮ್ಮಾ?" ಎಂದು ವಾರವಿಡೀ ನಕ್ಕರು.

ಅಸಲು ಎರಡು ವಾರ ತಡವಾಗಿ ಬಂದಳು. ನೀಮಾ, ಟಾಂಜಾನಿಯಾದವಳು, ಹದಿನೆಂಟು ವರ್ಷ, ಬಹಳ ಸಂಕೋಚದ ಹುಡುಗಿ. ಮೊದಲ ಶನಿವಾರವೇ ಅವಳನ್ನು ಹಲಸೂರು ಕೆರೆಗೆ ಕರೆದೊಯ್ದು, ನಾನೇ ತೋಡಿಸಿದವಳಂತೆ ಕೈಚಾಚಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ನನಗೆ ನೋವಾಗಬಾರದೆಂದು ಮೆಲ್ಲಗೆ ಹೇಳಿದಳು: "ಚೆನ್ನಾಗಿದೆ. ನಮ್ಮೂರಿನ ಕೆರೆಯಲ್ಲಿ ಹಡಗು ಓಡಾಡುತ್ತೆ."

ಆ ತಿಂಗಳುಗಳು ನಿಜಕ್ಕೂ ಖುಷಿಯವು — ಇದನ್ನಾದರೂ ನೆನಪು ತಿರುಚಿಲ್ಲ ಎಂದುಕೊಳ್ಳುತ್ತೇನೆ. ಶಿವಾಜಿನಗರದ ಅಂಗಡಿಗಳಲ್ಲಿ ಬಿಳಿ ಜೋಳದ ಹಿಟ್ಟು ಹಿಡಿದು, ಇದು ಅವಳ ಉಗಾಲಿಗೆ ಆಗುತ್ತದೋ ಇಲ್ಲವೋ ಎಂದು ಮೂಗಿಗೆ ಹಿಟ್ಟು ಮೆತ್ತಿಕೊಂಡು ಚರ್ಚಿಸಿದೆವು. ಆಟೋದವರ ಮುಂದೆ ಸೊಂಟದ ಮೇಲೆ ಕೈಯಿಟ್ಟು "ಏನ್ ಗುರು, ಮೀಟರ್ ಹಾಕಲ್ವಾ?" ಎನ್ನುವುದನ್ನು ನಾನೇ ಕಲಿಸಿದೆ. ನನಗೆ ಮೀಟರ್ ಹಾಕದವರು ಅವಳಿಗೆ ನಗುತ್ತಾ ಹಾಕುತ್ತಿದ್ದರು. ಭಾನುವಾರ ನಮ್ಮ ಮನೆಯಲ್ಲೇ ಊಟ. ಅಮ್ಮನ ರಾಗಿಮುದ್ದೆಯನ್ನು ಮೊದಲ ಸಲ ಕಂಡಾಗ ಬೆರಳಲ್ಲಿ ಒತ್ತಿ ನೋಡಿ, "ಇದು ಉಗಾಲಿನೇ ಆಂಟಿ, ಬಣ್ಣ ಮಾತ್ರ ತಪ್ಪಿದೆ" ಎಂದಳು.

"ಬಣ್ಣ ತಪ್ಪಿದ್ರೆ ತಪ್ಪಲಿ, ಇನ್ನರ್ಧ ಹಾಕ್ಕೋ ಪುಟ್ಟಿ," ಎಂದು ಬಡಿಸಿದ ಅಮ್ಮ ನನ್ನ ಕಡೆ ತಿರುಗಿ ಕೇಳಿದಳು, "ಅಲ್ವೇ, ಇವ್ಳ ಊರಿನೋರು ಯಾರೂ ಇಲ್ವಾ ಇಲ್ಲಿ?"

"ಯಾರೂ ಇಲ್ಲಮ್ಮ," ಎಂದೆ.

ಇದ್ದರು. ನೀಮಾ ಬರುವ ಮೊದಲೇ, ನಮ್ಮ ಕಾಲೇಜಿನಲ್ಲಿ ಸ್ನಾತಕೋತ್ತರದ ಕೊನೆಯ ವರ್ಷದಲ್ಲಿದ್ದ ಅಮೀನಾ ಎಂಬ ಟಾಂಜಾನಿಯಾದ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಅವರ ದೇಶದವರು ಬೇರೆ ಬೇರೆ ಕಾಲೇಜುಗಳಲ್ಲಿ ಹತ್ತು ಜನ. ಪ್ರತಿ ಭಾನುವಾರ ಮಧ್ಯಾಹ್ನ ಕೆ.ಆರ್. ಪುರದ ಒಂದು ಮನೆಯಲ್ಲಿ ಸೇರಿ ಅಡುಗೆ ಮಾಡುತ್ತಾರೆ. ತಾನು ತರಬೇತಿಗೆಂದು ಮಾರನೆಯ ದಿನವೇ ಪುಣೆಗೆ ಹೊರಟಿದ್ದರಿಂದ, ವಿಳಾಸವನ್ನೂ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. "ಹೊಸಬಳಿಗೆ ಮೊದಲ ವಾರವೇ ಕೊಡು. ಮೊದಲ ವಾರವೇ ತುಂಬ ಕಷ್ಟ," ಎಂದಿದ್ದಳು.

ಡೈರಿಯಲ್ಲಿ, ನೀಮಾ ಬಂದು ಹತ್ತು ದಿನಗಳಾದ ಮೇಲಿನ ಪುಟದಲ್ಲಿ, ನನ್ನದೇ ಕೈಬರಹದಲ್ಲಿದೆ: 'ಚೀಟಿ ಇವತ್ತೂ ಕೊಡಲಿಲ್ಲ. ಅವಳು ಅಲ್ಲಿಗೆ ಹೋಗತೊಡಗಿದರೆ ನನ್ನ ಭಾನುವಾರಗಳಿಗೆ ಏನುಳಿಯುತ್ತದೆ?'

ಅಷ್ಟೇ. ಅದರಲ್ಲಿ ಮರೆವಿಲ್ಲ. ಅದುವರೆಗೆ ಯಾರೂ ನನಗಾಗಿ ಬಾಗಿಲಲ್ಲಿ ಕಾದು ನಿಂತಿರಲಿಲ್ಲ. ನೀಮಾ ನಿಲ್ಲುತ್ತಿದ್ದಳು. ತನ್ನ ಊರಿನವರು ಇಲ್ಲಿರಬಹುದೇ ಎಂದು ಅವಳೇ ಒಮ್ಮೆ ಕೇಳಿದಾಗ, ವಿಚಾರಿಸಿದ್ದೇನೆ, ಇಲ್ಲವಂತೆ ಎಂದೆ. ನಂಬಿದಳು. ರಾತ್ರಿ ಅವಳು ತಾಯಿಯೊಡನೆ ಫೋನಿನಲ್ಲಿ ಅಳುತ್ತಾಳೆಂದು ಹಾಸ್ಟೆಲಿನವರು ಹೇಳಿದರು. ನಾನು ಚಾಕೊಲೇಟ್ ಕೊಂಡೊಯ್ದೆ. ಹೊಸಬರೊಡನೆ ಅತಿ ಹೆಚ್ಚು ಹೊತ್ತು ಕಳೆದವಳೆಂದು ವರ್ಷದ ಕೊನೆಗೆ ನನಗೆ ಬಹುಮಾನವೂ ಬಂತು.

ಆಮೇಲೊಂದು ಸಂಜೆ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ, ಪಕ್ಕದಲ್ಲಿದ್ದ ನೀಮಾ ತಟ್ಟನೆ ನಿಂತಳು. ಹಿಂದೆ ಯಾರೋ ಅವಳ ಭಾಷೆ ಸ್ವಾಹಿಲಿಯಲ್ಲಿ ಚೌಕಾಸಿಯ ತಂತ್ರ ಹೂಡುತ್ತಿದ್ದರು. ತಿರುಗಿದವಳೇ ಹೋಗಿ ಆ ಇಬ್ಬರು ಹುಡುಗಿಯರನ್ನು ಹಿಡಿದುಕೊಂಡುಬಿಟ್ಟಳು. ಏಳೆಂಟು ತಿಂಗಳ ಮಾತು ಒಟ್ಟಿಗೇ ಹೊರಬಂತು. ಅವಳು ಅಷ್ಟು ಜೋರಾಗಿ ಮಾತಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ — ಗೊತ್ತಾಗಲು ನಾನು ಬಿಟ್ಟಿರಲಿಲ್ಲ. ಅಮೀನಾ ನಿನ್ನ ಜೊತೆಗಾತಿಗೆ ವಿಳಾಸ ಕೊಟ್ಟಿದ್ದಳಲ್ಲ ಎಂದರಂತೆ ಅವರು. ನೀಮಾ ನನ್ನತ್ತ ನೋಡಿ, ನಾನು ಕಲಿಸಿದ ಕನ್ನಡದಲ್ಲೇ ಕೇಳಿದಳು:

"ನಿಂಗೆ ಗೊತ್ತಿತ್ತಾ?"

"ನಂಗ್ಯಾರೂ ಹೇಳಿಲ್ಲ ಕಣೇ."

ಅವರು ಒಡನೆ ನಂಬಿದರು. ಅಮೀನಾಳದೇ ಮರೆವು ಎಂದು ನಕ್ಕರು. ನನ್ನನ್ನೂ ಆ ಭಾನುವಾರವೇ ಎಳೆದೊಯ್ದರು. ಅಂದಿನಿಂದ ನಾಲ್ಕು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ, ಪಾತ್ರೆ ತೊಳೆದಿದ್ದೇನೆ, ಅವರ ಹುಟ್ಟುಹಬ್ಬಗಳಲ್ಲಿ ಕೆಟ್ಟದಾಗಿ ಕುಣಿದಿದ್ದೇನೆ. ಯಾರಾದರೂ ಸಾರಿಗೆ ಉಪ್ಪು ಮರೆತರೆ ಅಲ್ಲಿ "ಅಮೀನಾ ಮಾಡ್ಬಿಟ್ಯಾ ಮಗಾ?" ಎನ್ನುತ್ತಾರೆ. ಕನ್ನಡ ಬಾರದವರಿಗೂ ಅದೊಂದು ವಾಕ್ಯ ಬರುತ್ತದೆ. ನಾನೂ ಹೇಳಿದ್ದೇನೆ, ನಗು ಬರುವಂತೆ.

ಹೋದ ಭಾನುವಾರ ಅಮೀನಾ ಬಂದಳು. ಒಂದು ತಿಂಗಳ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದಳಂತೆ. ಬಾಗಿಲಲ್ಲೇ ಯಾರೋ ಆ ತಮಾಷೆ ಎತ್ತಿದರು; ಅವಳು ಎಲ್ಲರೊಂದಿಗೆ ನಕ್ಕು, ನೀಮಾಳ ಕೈ ಹಿಡಿದು ಕ್ಷಮೆ ಕೇಳಿದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟು, ಎಲ್ಲರೆದುರೇ ಹೇಳಿದೆ — ಚೀಟಿ ನನಗೆ ಸಿಕ್ಕಿತ್ತು, ಬೇಕೆಂದೇ ಕೊಡಲಿಲ್ಲ, ಅಂಗಡಿಯಲ್ಲಿ ಸುಳ್ಳು ಹೇಳಿದೆ. ಏಕೆ ಎಂಬುದನ್ನೂ ಒಂದೇ ವಾಕ್ಯದಲ್ಲಿ ಹೇಳಿದೆ. ಅದಕ್ಕಿಂತ ಉದ್ದವಾಗಿದ್ದರೆ ಸಬೂಬಾಗುತ್ತಿತ್ತು.

ಅಮೀನಾ ನನ್ನತ್ತ ತಿರುಗಿದಳು. "ನಿನಗೆ ಕೊಟ್ಟ ಹಾಗೆ ನೆನಪಿತ್ತು," ಎಂದಳು. "ನೀನು ಹಾಕಿಕೊಂಡಿದ್ದ ಹಳದಿ ಕುರ್ತಾ ಕೂಡ. ಎಲ್ಲರೂ ಫೋನಿನಲ್ಲಿ ನೀನೇ ಮರೆತದ್ದು ಅಂದಾಗ... ನಾನೇ ಕಲ್ಪಿಸಿಕೊಂಡೆ ಅಂದುಕೊಂಡೆ."

ನನ್ನ ನೆನಪನ್ನು ನಾನು ಕೆಡಿಸಿಕೊಂಡದ್ದು ನನ್ನ ಪಾಡು. ಅವಳದನ್ನೂ ಕೆಡಿಸಿದ್ದೆ.

ನೀಮಾ ಒಲೆ ಆರಿಸಿ ಒಳಗಿನ ಕೋಣೆಗೆ ಹೋದಳು. ಅಮೀನಾ ಹಿಂದೆ ಹೋದಳು, ಆಮೇಲೆ ಉಳಿದವರು. ನಾನೂ ಏಳಹೊರಟೆ. ಸಮಾಧಾನ ಮಾಡುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತಲ್ಲ. ಮತ್ತೆ ಕೂತೆ. ಒಳಗಿನಿಂದ ಅವರ ಭಾಷೆಯ ಮಾತು ಬಹಳ ಹೊತ್ತು ಕೇಳಿಬಂತು, ನಡುನಡುವೆ ನನ್ನ ಹೆಸರೂ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಒಳಗೆ ಏನು ಮಾತಾಡಿಕೊಂಡಿರಿ ಎಂದು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.