ಇಳಿಯದ ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದೆ. ತಿಂಗಳಿಗೊಮ್ಮೆ ತೊಲೆಗೆ ತಕ್ಕಡಿ ನೇತುಹಾಕಿ ಮಕ್ಕಳನ್ನು ತೂಗುವುದು, ಆ ತೂಕವನ್ನು ಪ್ರತಿ ಮಗುವಿನ ಕಾರ್ಡಿನಲ್ಲಿ ಚುಕ್ಕೆ ಮಾಡುವುದು. ಕೆಳಗೆ ತಿಂಗಳು, ಪಕ್ಕದಲ್ಲಿ ಕಿಲೋ. ಚುಕ್ಕೆಗೆ ಚುಕ್ಕೆ ಸೇರಿಸಿದರೆ ಗೆರೆ. ಕಾರ್ಡು ತಾಯಿಯ ಬಳಿಯೇ ಇರುತ್ತಿತ್ತು. ಓದು ಬಾರದ ತಾಯಂದಿರಿಗೆ ಅದನ್ನು ಓದಲು ಕಲಿಸಿದವಳು ನಾನೇ. "ಗೆರಿ ಏರಿದ್ರ ಕೂಸು ಚಲೋ ಐತಿ, ಇಳಿದ್ರ ದವಾಖಾನಿಗೆ ಓಡ್ರಿ" ಎಂದು ಬಾಯಿಪಾಠ ಮಾಡಿಸಿದ್ದೆ. ಅದರ ಸೊಕ್ಕೂ ನನಗಿತ್ತು.

ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಿದ್ದ ಒಬ್ಬಳು ಎಲ್ಲರಿಗಿಂತ ಬೇಗ ಕಲಿತಳು. ಅವಳ ಮಗಳಿಗೆ ಆಗ ಒಂದೂವರೆ ವರ್ಷ.

ಚುಕ್ಕೆ ಮೂರನೇ ದರ್ಜೆಗೆ, ಅಂದರೆ ತೀರಾ ಸೊರಗಿದ ಮಕ್ಕಳ ಸಾಲಿಗೆ ಬಿದ್ದ ಮಗುವಿಗೆ ಎರಡು ಪಾಲು ಆಹಾರ, ಡಾಕ್ಟರಿಗೆ ಚೀಟಿ. ಅಂಥ ಮಕ್ಕಳು ಹೆಚ್ಚಿದ್ದ ಕೇಂದ್ರದವಳಿಗೆ ಮೀಟಿಂಗಿನಲ್ಲಿ ಮಂಗಳಾರತಿ. ಒಮ್ಮೆ ನಮ್ಮ ಸೂಪರ್‌ವೈಸರ್ ಯಾವ ದರ್ಜೆಯಲ್ಲಿ ಎಷ್ಟು ಮಕ್ಕಳೆಂದು ನಾನು ಬರೆದುಕೊಟ್ಟ ತಿಂಗಳ ಕೋಷ್ಟಕವನ್ನು ಎಲ್ಲರೆದುರು ಎತ್ತಿ ಹಿಡಿದು, "ಏನವ್ವ, ಮಕ್ಕಳ ಪಾಲು ನೀನ ತಿಂತೀಯೇನು? ಮೈ ನೋಡಿದ್ರ ಹಂಗ ಐತಿ" ಎಂದಳು. ಇಡೀ ಕೋಣೆ ನಕ್ಕಿತು. ನಾನು ದಪ್ಪಗಿದ್ದೆ, ನಿಜ.

ಮುಂದಿನ ತಿಂಗಳು ಮಲ್ಲಿಗೆಯವಳ ಕೂಸು ತೂಕ ಕಳೆದುಕೊಂಡಿತ್ತು. ಇದ್ದದ್ದು ಇದ್ದ ಹಾಗೆ ಚುಕ್ಕೆ ಇಟ್ಟರೆ ಮೂರನೇ ದರ್ಜೆ. ಸೂಪರ್‌ವೈಸರ್ ಕೋಷ್ಟಕವನ್ನು ಕಾರ್ಡುಗಳ ಜೊತೆ ತಾಳೆ ನೋಡುವವಳು. ನಾನು ಚುಕ್ಕೆಯನ್ನು ಅರ್ಧ ಕಿಲೋ ಮೇಲಿಟ್ಟೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡೆ. ಆದರೆ ಗೆರೆಗೆ ಅದರದೇ ಹಟ. ಒಂದು ಸುಳ್ಳು ಚುಕ್ಕೆ ಇಟ್ಟಮೇಲೆ ಮುಂದಿನ ನಿಜದ ಚುಕ್ಕೆ ಬಾವಿಗೆ ಬಿದ್ದಂತೆ ಕಾಣುತ್ತದೆ. ಹಾಗಾಗಿ ಮರುತಿಂಗಳೂ ಏರಿಸಿದೆ, ಅದರ ಮರುತಿಂಗಳೂ ಏರಿಸಿದೆ. ಅಂಥ ಉಳಿದ ಮಕ್ಕಳ ಚುಕ್ಕೆಯನ್ನೂ ಹೀಗೇ ಏರಿಸಿದ ಮೇಲೆ ಕೋಷ್ಟಕದಲ್ಲಿ ಮೂರನೇ ದರ್ಜೆಯ ಕೆಳಗೆ ಸೊನ್ನೆ ಬಂತು. "ಈಗ ಬುದ್ಧಿ ಬಂತು ನೋಡು" ಎಂದಳು ಸೂಪರ್‌ವೈಸರ್. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಒಂದು ದಿನ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. "ಅಕ್ಕಾರ, ಕೂಸು ಎತ್ತಿಕೊಂಡ್ರ ಹಗುರ ಅನಸ್ತೈತ್ರಿ. ಗೆರಿ ನೋಡಿದ್ರ ಏರೈತಿ. ಹಡಗಲಿ ದವಾಖಾನಿಗೆ ಹೋಗ್ಲೇನ್ರಿ?"

ಅಲ್ಲಿ ಮತ್ತೆ ತೂಗುತ್ತಾರೆ. ತೂಗಿದರೆ ನನ್ನ ಬಣ್ಣ ಬಯಲಾಗುತ್ತದೆ, ಕೆಲಸ ಹೋಗುತ್ತದೆ. "ತಕ್ಕಡಿಗಿಂತ ನಿನ್ನ ಕೈ ಶಾಣ್ಯಾ ಐತೇನು? ಸುಮ್ನ ಹೋಗಿ ಹೂವು ಬಿಡಿಸು" ಎಂದು ಗದರಿದೆ. ಅವಳು ನಾಚಿಕೊಂಡು ಹೋದಳು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಅವಳಿಗೆ.

ಹದಿನೈದು ದಿನಕ್ಕೆ ಕೂಸಿಗೆ ವಾಂತಿಭೇದಿ ಹತ್ತಿತು. ಗಟ್ಟಿ ಮಕ್ಕಳು ತಡೆದುಕೊಳ್ಳುವಂಥದ್ದೇ. ಇದರ ಮೈಯಲ್ಲಿ ತಡೆದುಕೊಳ್ಳಲು ಏನೂ ಉಳಿದಿರಲಿಲ್ಲ. ಎರಡನೇ ದಿನ ತೀರಿಕೊಂಡಿತು.

ಮಾತಾಡಿಸಿ ಬರಲು ಅವರ ಮನೆಗೆ ಹೋದೆ. ಅತ್ತೆ ಸೊಸೆಯ ಮೇಲೆ ಹರಿಹಾಯುತ್ತಿದ್ದಳು. "ಗೆರಿ ಏರೈತಿ, ಗೆರಿ ಏರೈತಿ ಅಂತ ಓಣಿಗೆಲ್ಲ ಕಾರ್ಡು ತೋರಿಸ್ಕೊಂಡು ಬಂದಾಳ ಈ ಮೂಳಿ. ಮಂದಿ ಕಣ್ಣು ಬಿತ್ತು. ನೀವ ಹೇಳ್ರಿ ಅಕ್ಕಾರ, ಅಷ್ಟು ಚಲೋ ಇದ್ದ ಕೂಸು ಸುಮ್ಮಸುಮ್ನ ಹೋಗತೈತೇನು?"

ತಾಯಿ ನನ್ನ ಮುಖ ನೋಡಿದಳು. ಅವಳ ಪರವಾಗಿ ನಾನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು.

"ಹಂಗ ಎಲ್ಲಾರಿಗೂ ತೋರಿಸಬಾರದಿತ್ತವ್ವ" ಎಂದೆ.

ಅವಳು ತಲೆ ತಗ್ಗಿಸಿ, "ತಪ್ಪಾತ್ರಿ ಅಕ್ಕಾರ" ಎಂದಳು.